ನಡುಗದ ದನಿ

ಬಸ್ಸಿನಲ್ಲಿ ಟಿಕೆಟ್ ಕೇಳುವುದಕ್ಕೂ ನನಗೆ ಈಚೆಗೆ ಅಳುಕು. ಮೊನ್ನೆ ಹಾನಗಲ್ಲಿನಲ್ಲಿ ಬಸ್ ಹತ್ತಿ, ಕಂಡಕ್ಟರಿಗೆ "ಒಂದು ಶಿಗ್ಗಾಂವಿ" ಎಂದೆ. ಮುಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬಳು ಗಾಬರಿಯಿಂದ ತಿರುಗಿ, "ಶಿಗ್ಗಾಂವ್ಯಾಗ ಯಾರು ತೀರಿಕೊಂಡಾರ್ರಿ?" ಎಂದು ಕೇಳಿದಳು. ತಪ್ಪು ಅವಳದ್ದಲ್ಲ. ಯಾರಾದರೂ ಹೋದರೆ ಆಟೋಕ್ಕೆ ಮೈಕು ಕಟ್ಟಿ, ಓಣಿ ಓಣಿ ಸುತ್ತಿಸಿ ಸುದ್ದಿ ತಿಳಿಸುವುದು ನಮ್ಮ ಕಡೆಯ ರೂಢಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಆ ಮೈಕಿನೊಳಗಿನ ದನಿ ನನ್ನದು. ಇಷ್ಟೊಂದು ಜನರನ್ನು ಕಳಿಸಿಕೊಟ್ಟವನು ಯಮನನ್ನು ಬಿಟ್ಟರೆ ನಾನೇ ಇರಬೇಕು.

ಹೀಗಾಗಬೇಕೆಂದು ಹೊರಟವನೇನಲ್ಲ. ಹರೆಯದಲ್ಲಿ ರೇಡಿಯೋ ಕೇಂದ್ರವೊಂದರಲ್ಲಿ ಕರೆದ ದಿನ ಹೋಗಿ ಬರುವ ಉದ್ಘೋಷಕನಾಗಿದ್ದೆ. ರೈತರಿಗೆ ಹವಾಮಾನ, ಹೆಂಗಸರಿಗೆ ಉಪ್ಪಿನಕಾಯಿ, ಉಳಿದವರಿಗೆ ಭಾವಗೀತೆ. ನಾನು "ನಮಸ್ಕಾರ" ಎಂದರೆ ಹತ್ತಿಮತ್ತೂರಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ತಿರುಗಿ ನಮಸ್ಕಾರ ಹೇಳುತ್ತಾರೆಂದೇ ನಂಬಿದ್ದೆ. ಆಮೇಲೆ ಕಾರ್ಯಕ್ರಮಗಳೆಲ್ಲ ಬೇರೆ ಊರಿನಿಂದ ಬರತೊಡಗಿ, ನಮ್ಮಂಥವರನ್ನು ಕರೆಯುವುದು ನಿಂತಿತು. ಊರಿಗೆ ಬಂದು ಸೀರೆ ಅಂಗಡಿಗೂ ಬಿತ್ತನೆ ಬೀಜಕ್ಕೂ ನೀರಿನ ಕರಕ್ಕೂ ದನಿ ಕೊಟ್ಟೆ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಸಾವಿನದೊಂದೇ. ಮದುವೆಮನೆಯಲ್ಲಿ ನಾನು ಮೈಕಿನ ಹತ್ತಿರ ಸುಳಿದರೆ ಬೀಗರ ಮುಖ ಸಪ್ಪಗಾಗುತ್ತದೆ.

ಆದರೂ ಈ ಕಸುಬಿನ ಹಿರಿಮೆಯನ್ನು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಹಾನಗಲ್ಲಿನ ಸುತ್ತಮುತ್ತ ಎಲ್ಲಿ ನೋಡಿದರೂ ವೀರಗಲ್ಲುಗಳು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಇಂಥವನು ಹೋದ ಎಂದು ಊರಿಗೆ ಸಾರುವುದೇ ಅವುಗಳ ಕೆಲಸವೂ. ಅವನ್ನು ಕೆತ್ತಿದವನು ಯಾರೆಂದು ಯಾರೂ ಕೇಳುವುದಿಲ್ಲ. ನನ್ನ ಹೆಸರನ್ನೂ ಆಟೋದ ಮೇಲೆ ಯಾರೂ ಬರೆಸಿಲ್ಲ. ಆದರೆ ಕೆತ್ತಿದವನ ಕೈಯನ್ನಷ್ಟೇ ಇಟ್ಟುಕೊಂಡು, ನೀನಿನ್ನು ಮನೆಗೆ ಹೋಗು ಎಂದ ಸಂಗತಿಯನ್ನು ನಾನು ಯಾವ ಶಾಸನದಲ್ಲೂ ಓದಿಲ್ಲ.

ನನಗಾದದ್ದು ಅದೇ. ಸವಣೂರಿನಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿರುವ ರಿಯಾಜ್ ಒಳ್ಳೆಯ ಮನುಷ್ಯ. ಹೋದಾಗಲೆಲ್ಲ ಚಹಾದ ಜೊತೆ ಖಾರಾ ತರಿಸದೆ ಬಿಟ್ಟವನಲ್ಲ. ಹೋದ ವರ್ಷ ಖಾರಾ ತರಿಸಿಯೇ ಆ ಮಾತು ಹೇಳಿದ. "ಸರ, ಇನ್ನ ಮ್ಯಾಲೆ ನೀವು ಬಸ್ ಹತ್ತಿ ಇಷ್ಟು ದೂರ ಬರೂದು ಬ್ಯಾಡ್ರಿ. ನಿಮ್ಮ ದನಿ ಕಂಪ್ಯೂಟರ್‌ನ್ಯಾಗ ಹಾಕಿಟ್ಟೇನಿ. ಹೆಸರು, ಊರು ಟೈಪ್ ಮಾಡಿದ್ರ ಅದ ಹೇಳ್ತೈತಿ." ಕೇಳಿಸಿದ. ನನ್ನದೇ ದನಿ, ಆದರೆ ನನ್ನ ಕೆಮ್ಮಿಲ್ಲ, ಏದುಸಿರಿಲ್ಲ. ಈ ಸುದ್ದಿಯನ್ನು ಯಾರಿಗೂ ಹೇಳಬೇಡ ಎಂದಷ್ಟೇ ಬೇಡಿಕೊಂಡೆ. ಊರು ನನ್ನನ್ನು ಬಲ್ಲದ್ದು ಆ ದನಿಯಿಂದ. ಅದೂ ನಾನಲ್ಲವೆಂದು ತಿಳಿದರೆ ಚಹಾದಂಗಡಿಯ ಬೆಂಚಿನ ಮೇಲೆ ನಾನು ಯಾರೆಂದು ಹೋಗಿ ಕೂಡಬೇಕು? ಈಗಲೂ ಯಾರಾದರೂ, "ನಿನ್ನೆ ಚಲೋ ಹೇಳಿದ್ರಿ" ಎಂದರೆ ತಲೆಯಾಡಿಸುತ್ತೇನೆ. ಮನೆಗೆ ಬಂದ ಮೇಲೆ ಊಟ ಸೇರುವುದಿಲ್ಲ.

ಮಳೆಗಾಲಕ್ಕೆ ಮೊದಲು ಅವ್ವ ಹೋದಳು. ಇದೊಂದನ್ನು ನಾನೇ ಹೇಳುತ್ತೇನೆ ಎಂದು ರಿಯಾಜನಿಗೆ ತಿಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲೆಂದು ಹಿತ್ತಲ ಕೋಣೆ ಸೇರಿದೆ. "ಹಾನಗಲ್ಲಿನ ನಿವಾಸಿ" ಎನ್ನುವವರೆಗೆ ಸರಿಯಾಗಿಯೇ ಬಂತು. "ಗಂಗವ್ವ" ಎನ್ನುವಲ್ಲಿ ನಿಂತುಬಿಟ್ಟೆ. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲಿಯೇ ನಿಂತೆ. ಯಾರು ಯಾರನ್ನೋ ಲಿಂಗೈಕ್ಯರೆಂದು ಸರಾಗವಾಗಿ ಸಾರಿದ ಬಾಯಿಗೆ ಹೆತ್ತವಳ ಹೆಸರು ದಾಟಲಾಗಲಿಲ್ಲ. ಹೊರಗೆ ಹಿರಿಯರು ಅವಸರ ಮಾಡುತ್ತಿದ್ದರು. ಕೊನೆಗೆ ಹೆಸರು, ಮಣ್ಣು ಮಾಡುವ ಹೊತ್ತು ಬರೆದು ರಿಯಾಜನಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಆಟೋ ನಮ್ಮ ಓಣಿಗೇ ಬಂತು. "ಗಂಗವ್ವನವರು ಲಿಂಗೈಕ್ಯರಾಗಿದ್ದಾರೆ ಎಂದು ತಿಳಿಸಲು ವಿಷಾದಿಸುತ್ತೇವೆ." ಎಲ್ಲಿಯೂ ಎಡವದೆ, ನೀರು ಕುಡಿದಷ್ಟು ಸಲೀಸಾಗಿ ನನ್ನ ದನಿ ನನ್ನ ಅವ್ವನ ಸಾವನ್ನು ಹೇಳಿಕೊಂಡು ಹೋಯಿತು. ಕಟ್ಟೆಯ ಮೇಲಿದ್ದವರು, "ಗಟ್ಟಿ ಮನಸು ನಿಮ್ದು" ಎಂದು ನನ್ನ ಬೆನ್ನು ಸವರಿದರು. ಹಿರೇಕೆರೂರಿನಿಂದ ಬಂದಿದ್ದ ಅಕ್ಕ ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ನನ್ನೊಡನೆ ಮಾತು ಬಿಟ್ಟಳು.

ಶಿವಗಣಾರಾಧನೆಯೆಲ್ಲ ಮುಗಿದು ತನ್ನೂರಿಗೆ ಹೊರಟು ನಿಂತಾಗ, ಅಡುಗೆಮನೆಯಲ್ಲಿ ಬಾಯಿ ಬಿಟ್ಟಳು. "ಅವ್ವನ ಹೆಸರು ಹೇಳೂಮುಂದ ನಿನಗ ಏನೂ ಅನಿಸಲಿಲ್ಲೇನೋ? ಸೀರಿ ಅಂಗಡಿ ಸುದ್ದಿ ಹೇಳಿದಂಗ ಹೇಳಿದಿ."

ನನ್ನ ಮುಂದೆ ಎರಡೇ ದಾರಿ. ಒಂದೋ ಕಲ್ಲೆದೆಯ ಮಗನಾಗಿ ಉಳಿಯಬೇಕು, ಇಲ್ಲವೇ ಕಸುಬು ಮುಗಿದವನೆಂದು ಒಪ್ಪಿಕೊಳ್ಳಬೇಕು. ಮೊದಲನೆಯದನ್ನು ಅಕ್ಕನ ಮುಂದೆ ತಾಳಿಕೊಳ್ಳಲಾರದೆ ಹೋದೆ.

"ಅದು ನಾನಲ್ಲಕ್ಕ."

"ನಿನ್ನ ದನಿ ನನಗ ಗುರುತಿಲ್ಲೇನು?"

"ದನಿ ನಂದ. ಹೇಳಿದ್ದು ಕಂಪ್ಯೂಟರ್. ವರ್ಷ ಆತು, ನನಗ ಯಾರೂ ಕೆಲಸಕ್ಕ ಕರ್ಯಾಕತ್ತಿಲ್ಲ. ಅವತ್ತು ನಾನ ಹೇಳಬೇಕಂತ ಮಾಡಿದ್ದೆ. ಅವ್ವನ ಹೆಸರು ಬಾಯಾಗ ಬರಲಿಲ್ಲ."

ಅಕ್ಕ ಚೀಲ ಕೆಳಗಿಟ್ಟು, ಗೋಡೆಗೆ ಒರಗಿ ಕೂತಳು. "ಹಂಗಾರ ನೀ ಇನ್ನೂ ಹೇಳೇ ಇಲ್ಲ. ಈಗ ಹೇಳು, ನಾ ಕೇಳ್ತೇನಿ."

ರೇಡಿಯೋದ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡೆ. ಊರ ಹೆಸರು ಬಂತು. ಅವ್ವನ ಹೆಸರು ತುಂಡು ತುಂಡಾಗಿ ಬಂತು. ಉದ್ಘೋಷಕನಾದವನು ಮಾಡಬಾರದ್ದನ್ನೆಲ್ಲ ಮಾಡಿದೆ: ನಡುವೆ ನಿಂತೆ, ಮೂಗು ಸೇದಿದೆ, ಬಿಕ್ಕಳಿಸಿದೆ, ಮುಂದಿನ ಸಾಲನ್ನೇ ಮರೆತೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಣ್ಣು ಎಷ್ಟೊತ್ತಿಗೆ ಅನ್ನೂದ ಹೇಳಲಿಲ್ಲಲ್ಲೋ" ಎಂದಳು.

ಆ ಪ್ರಕಟಣೆಯನ್ನು ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೂ ರಿಯಾಜನ ಅಂಗಡಿಯಲ್ಲಿ ಅದು ಪಾಸಾಗುತ್ತಿರಲಿಲ್ಲ.