ಖಾಲಿ ಅಂಗೈ

ಮಾವನವರು ನನ್ನ ಜೊತೆ ಮಾತಾಡುವಾಗ ಬಾಗಿಲ ಚೌಕಟ್ಟಿನ ಕಡೆ ನೋಡಿ ಮಾತಾಡುತ್ತಾರೆ. ‘ಚಾ ಸಾಕಂತ ಹೇಳು’ ಎಂದು ಚೌಕಟ್ಟಿಗೆ ಹೇಳಿದರೆ ನಾನು ಒಳಗಿಂದ ‘ಹೂಂನ್ರಿ’ ಅನ್ನಬೇಕು. ಸೊಸೆಯ ಮುಖವನ್ನು ನೆಟ್ಟಗೆ ನೋಡಬಾರದು ಎಂಬುದು ಖಾನಾಪುರದ ಆ ಮನೆಯ ರೀತಿ. ನನ್ನ ಮೂಗು ಹೇಗಿದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಆ ದಿನ ಅವರು ನೋಡಬೇಕಾಗಿದ್ದದ್ದು ನನ್ನ ಮೂಗನ್ನೇ.

ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡುವವಳು. ಶಹಾಪುರದ ಮಗ್ಗದ ಸದ್ದಿಗೆ ಅಪ್ಪನ ಕಿವಿ ಹೋಯಿತು. ನನ್ನ ತವರಿನಲ್ಲಿ ಡಿಗ್ರಿ ತಗೊಂಡ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಸುಮ್ಮನೆ ಬಂದದ್ದಲ್ಲ ಅದು.

ಮಾವನವರಿಗೆ ಎದ್ದಾಗಿನಿಂದ ತಲೆ ತಿರುಗುತ್ತಿತ್ತು, ಬಿಡದೆ ವಾಂತಿ. ನನ್ನ ಗಂಡ ಕಾರಿನಲ್ಲಿ ಹಾಕಿಕೊಂಡು ನಮ್ಮ ಆಸ್ಪತ್ರೆಗೇ ಬಂದ. ಕೂರಿಸಿದರೂ ಒಂದು ಬಾಜು ವಾಲುತ್ತಿದ್ದರು.

‘ಪಿತ್ತ ಐತಿ. ಲಿಂಬಿ ಶರಬತ್ತ ಕುಡಿದಿದ್ರ ಹೋಗತಿತ್ತು. ಇಂವಾ ಸುಮ್ನ ಎಳಕೊಂಡು ಬಂದಾನ’ ಎಂದು ಗೋಡೆಗೆ ದೂರು ಹೇಳಿದರು.

ಕಿವಿಯದೋ ಮೆದುಳಿನದೋ, ನೀವೊಮ್ಮೆ ನೋಡಿರಿ ಅಂದರು ಡ್ಯೂಟಿ ಡಾಕ್ಟರು.

ಪರೀಕ್ಷೆ ಸರಳ. ರೋಗಿ ನನ್ನ ಮೂಗನ್ನೇ ನೋಡುತ್ತಿರಬೇಕು. ನಾನು ತಲೆ ಹಿಡಿದು ಗಕ್ಕನೆ ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತೇನೆ. ಒಳಗಿವಿ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆ ಜಾರಿ, ಆಮೇಲೆ ಜಿಗಿದು ಮೂಗಿಗೆ ವಾಪಸು ಬರುತ್ತದೆ. ಹೀಗೆ ಬಿಡದೆ ತಲೆ ತಿರುಗುತ್ತಿರುವವರ ಕಣ್ಣು ಜಾರದೇ ನಿಂತರೆ ಭಯ. ಆಗ ತೊಂದರೆ ಮೆದುಳಿನಲ್ಲಿರಬಹುದು, ತಡ ಮಾಡುವಂತಿಲ್ಲ.

‘ಮಾವಾರ, ತಲಿ ಮುಟ್ಟತೀನ್ರಿ. ನನ್ನ ಮೂಗ ನೋಡ್ರಿ.’

ಗಂಡ ಅವರ ತಲೆಯ ರುಮಾಲು ಬಿಚ್ಚಿ, ಬೀಳದಂತೆ ಹಿಂದಿನಿಂದ ಅವುಚಿ ಹಿಡಿದ. ತಿರುಗಿಸಿದೆ. ಕಣ್ಣು ಜಾರಿತು. ಸದ್ಯ, ಕಿವಿ! ಎದೆ ಹಗುರಾಯಿತು. ಖಾತ್ರಿಗೆ ಮತ್ತೊಮ್ಮೆ ಹಿಡಿದೆ. ಈ ಸಲ ನಾನು ತಿರುಗಿಸುವ ಮೊದಲೇ ಕಣ್ಣು ನೆಲಕ್ಕೆ ಇಳಿದಿತ್ತು. ಮೊದಲ ಸಲ ನಾನು ರೋಗ ಅಂದುಕೊಂಡದ್ದೂ ಅವರ ಮರ್ಯಾದೆಯೇ.

‘ಅಪ್ಪಾ, ನೋಡಪಾ ಆಕೀನ್ನ!’

‘ಹ್ಯಾಂಗ ನೋಡ್ಲೋ? ಸೊಸಿ ಅದಾಳ. ದವಾಖಾನ್ಯಾಗ ಗಂಡಾಳು ಯಾರೂ ಇಲ್ಲೇನು?’ ಎಂದು ಕಣ್ಣನ್ನೇ ಮುಚ್ಚಿಬಿಟ್ಟರು.

ಹೊತ್ತು ಹೋಗುತ್ತಿತ್ತು. ಆಗ ಅವರ ಮುಂಜಾನೆಯ ಪೂಜೆ ನೆನಪಾಯಿತು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕುಳಿತರೆ, ಮೊಮ್ಮಕ್ಕಳು ಮೈಮೇಲೆ ಬಿದ್ದರೂ ಅವರ ದೃಷ್ಟಿ ಕದಲುತ್ತಿರಲಿಲ್ಲ.

‘ಪೂಜಿಗೆ ಕುಂತಂಗ ಅಂಗೈ ನೋಡ್ರಿ ಮಾವಾರ.’

‘ಜಳಕಾ ಆಗಿಲ್ಲ, ವಾಂತಿ ಆಗೇತಿ. ಲಿಂಗ ತಗಿಯಂಗಿಲ್ಲ.’

‘ತಗೀಬ್ಯಾಡ್ರಿ. ಖಾಲಿ ಅಂಗೈ ಹಿಡೀರಿ. ಅಲ್ಲೇ ಐತಿ ಅಂತ ತಿಳಕೊಂಡು ನೋಡ್ರಿ.’

ಎಡಗೈ ಮೇಲೆ ಬಂತು, ನಮ್ಮಿಬ್ಬರ ಮುಖದ ನಡುವೆ. ಕಣ್ಣು ತೆರೆದರು. ನಾನು ಆ ಕೈ ಮೇಲಿಂದ ಇಣುಕಿ ತಲೆಯನ್ನು ಬಲಕ್ಕೆ ತಿರುಗಿಸಿದೆ. ಕಣ್ಣು ಸಣ್ಣಗೆ ಅದುರುತ್ತಿತ್ತು, ಆದರೆ ಅಂಗೈ ಬಿಟ್ಟು ಜಾರಲಿಲ್ಲ. ಎಡಕ್ಕೆ. ಜಾರಲಿಲ್ಲ. ಒಂದು ಸಲ ಜಾರಲಿ ದೇವರೇ ಎಂದು ಬೇಡಿಕೊಳ್ಳುತ್ತ ಮತ್ತೆ ತಿರುಗಿಸಿದೆ. ಊಹೂಂ.

‘ಕದಲಿಲ್ಲ, ಹೌದಲ್ಲವಾ?’ ಅಂದರು. ದನಿಯಲ್ಲಿ ಹೆಮ್ಮೆ ಇತ್ತು.

‘ಇಲ್ರಿ ಮಾವಾರ’ ಅಂದೆ. ನಾನು ಡಾಕ್ಟರ ಕಡೆ ಓಡಿದೆ.

ಸ್ಕ್ಯಾನಿನಲ್ಲಿ ಗೊತ್ತಾಯಿತು, ಹಿಮ್ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಇನ್ನೂ ಹೊತ್ತು ಮೀರಿಲ್ಲ ಎಂದು ಡಾಕ್ಟರು ಹೇಳುವವರೆಗೆ ನಾನೂ ಗಂಡನೂ ಕಾರಿಡಾರಿನ ಗೋಡೆಗೆ ಒರಗಿ ನಿಂತೇ ಇದ್ದೆವು.

ಮಾವನವರು ಈಗ ಕೋಲು ಹಿಡಿದು ಓಡಾಡುತ್ತಾರೆ. ಕಳೆದ ಸಲ ಖಾನಾಪುರಕ್ಕೆ ಹೋದಾಗ ಚೌಕಟ್ಟಿಗೆ ಹೇಳಿದರು: ‘ಇನ್ನೊಮ್ಮಿ ನೋಡತಾಳೇನು ಕೇಳು.’

ನಾನು ಹೊರಗೆ ಬಂದೆ. ರುಮಾಲು ಬಾಜೂಕ ಬಿಚ್ಚಿಟ್ಟು, ಖಾಲಿ ಎಡ ಅಂಗೈ ಮುಂದೆ ಹಿಡಿದು ಕುಳಿತಿದ್ದರು.