ಹೊಸ್ತಿಲಿರುವ ಬಾಲ್ಕನಿ

ನಮ್ಮ ಜಯಮ್ಮ ಚಿಕ್ಕಮ್ಮ ಯಾರೂ ಕರೆಯದಿದ್ದರೂ "ಬಂದೆ" ಅನ್ನುತ್ತಿದ್ದಳು. ಹುಳಿಗೆ ಒಗ್ಗರಣೆ ಹಾಕುತ್ತಾ, ನಮ್ಮ ಜೊತೆ ನಗುತ್ತಾ ಮಾತಾಡುತ್ತಾ ಇದ್ದಕ್ಕಿದ್ದಂತೆ "ಬಂದೆ" ಎಂದು ಎದ್ದುಬಿಡುತ್ತಿದ್ದಳು. "ಯಾರೂ ಕರೀಲಿಲ್ಲ, ಕೂತ್ಕೋ ಚಿಕ್ಕಮ್ಮ" ಅಂದರೆ, "ಇನ್ನೇನ್ ಕರೀತಾರೆ ಬಿಡು" ಅನ್ನುವಳು. ಅಷ್ಟರಲ್ಲಿ ಒಳಗಿಂದ ಚಿಕ್ಕಪ್ಪನ ಕೂಗು ಕೇಳಿಸುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅದು ನಗುವ ವಿಷಯವೇನಲ್ಲ ಅಂತ ತಿಳಿಯುವಷ್ಟು ಬುದ್ಧಿ ಆಗ ಯಾರಿಗಿತ್ತು?

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಯಲಹಂಕದ ಪಕ್ಕದ ಕೋಗಿಲಿನ ದೊಡ್ಡ ಮನೆತನಕ್ಕೆ ಸೊಸೆಯಾಗಿ ಹೋದವಳು. ಅವರ ಹೊಲಗಳೆಲ್ಲ ಸೈಟುಗಳಾದ ಮೇಲೆ ಚಿಕ್ಕಪ್ಪ ಮೂರಂತಸ್ತಿನ ಮನೆ ಕಟ್ಟಿಸಿ, ಕಳ್ಳರ ಭಯಕ್ಕೆ ಕಿಟಕಿ, ವರಾಂಡ, ಮೇಲಿನ ಬಾಲ್ಕನಿ ಎಲ್ಲಕ್ಕೂ ಕಬ್ಬಿಣದ ಗ್ರಿಲ್ ಹಾಕಿಸಿದ್ದರು. ಗ್ರಿಲ್ಲಿನ ಮೇಲೆ ಪಾರಿವಾಳ ಬರದಂತೆ ಬಲೆ ಬೇರೆ. ಚಿಕ್ಕಮ್ಮ ಆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳೇ ಹೊರತು ಕುಳಿತದ್ದನ್ನು ನಾನು ನೋಡಿಲ್ಲ.

ಚಿಕ್ಕಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಬಾಯಿಗೆ ಮಾತ್ರ ಏನೂ ಆಗಲಿಲ್ಲ. ನೋಡಿಕೊಳ್ಳಲು ಗೊತ್ತುಮಾಡಿದ ಗಂಡಾಳು ಗಡ್ಡ ಕೆರೆಯಲು ಬಂದರೆ ಬಲಗೈಲಿ ಲೋಟ ಎಸೆದರು. ಊಟ, ಸ್ನಾನ, ಮಾತ್ರೆ, ಮಗ್ಗುಲು ಬದಲಿಸುವುದು, ಎಲ್ಲಕ್ಕೂ ಜಯಾನೇ ಆಗಬೇಕು. ಅವಳು ಬಚ್ಚಲಿಗೆ ಹೋದರೂ "ಜಯಾ, ಎಲ್ಲಿದ್ದೀಯ?" ಅಂತ ಕೂಗು. ಯಲಹಂಕದ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತು, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಫೋನ್ ಬಂತು. ಎಲೆ ಮಡಚಿಟ್ಟು ಎದ್ದು ಹೊರಟಳು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅದನ್ನು ನೋಡಿ "ಎಂಥಾ ಪುಣ್ಯವಂತ ಗಂಡ" ಅಂದಳು. ನನಗೆ ಮೈಯೆಲ್ಲ ಉರಿಯಿತು.

ಗಂಗಾನಗರದಲ್ಲಿ ನನ್ನದೊಂದು ಟ್ರಾವೆಲ್ಸ್ ಆಫೀಸಿದೆ. ಚಿಕ್ಕಪ್ಪನ ಅಣ್ಣ ರಾಮಣ್ಣನವರು ತಮ್ಮ ಅರವತ್ತರ ಶಾಂತಿ ಮುಗಿದ ಖುಷಿಗೆ ಇಡೀ ಮನೆಯವರನ್ನು ಮುಂಬೈನಿಂದ ಹೊರಡುವ ಹಡಗಿನಲ್ಲಿ ಸುತ್ತಾಡಿಸುವುದೆಂದು ತೀರ್ಮಾನಿಸಿ, ಚಿಕ್ಕಮ್ಮನನ್ನೂ ಕರೆದುಕೊಂಡು ನನ್ನಲ್ಲಿಗೆ ಬಂದರು. ಹಡಗಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದು, ಕಿಟಕಿಯೇ ಇಲ್ಲದ ಒಳಗಿನ ಕೋಣೆ, ತೆರೆಯಲಾಗದ ಕಿಟಕಿಯ ಕೋಣೆ, ಬಾಲ್ಕನಿ ಇರುವ ಕೋಣೆ ಎಂದು ಒಂದೊಂದಾಗಿ ತೋರಿಸಿದೆ. ರಾಮಣ್ಣನವರು ತಮಗೊಂದು ಬಾಲ್ಕನಿ ಆರಿಸಿಕೊಂಡು, ಉಳಿದವರಿಗೆಲ್ಲ ಒಳಗಿನದ್ದೇ ಸಾಕು ಅಂದರು. ಮೇಲೆ ಈಜುಕೊಳ, ಹಾಡು, ಕುಣಿತ, ಊಟ ಎಲ್ಲ ಇರುವಾಗ ರೂಮಲ್ಲಿ ಯಾರು ಕೂತಿರುತ್ತಾರೆ ಅನ್ನುವುದು ಅವರ ವಾದ.

"ನಾನ್ ಕೂತಿರ್ತೀನಲ್ಲ ಭಾವ," ಅಂದಳು ಚಿಕ್ಕಮ್ಮ.

ಆ ಮನೆಗೆ ಕಾಲಿಟ್ಟಾಗಿನಿಂದ ಭಾವನ ಎದುರು ಅವಳು ಆಡಿದ ಮೊದಲ ಎದುರು ಮಾತು ಅದೇ ಇರಬೇಕು. ರಾಮಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡು, ಇವರಿಗೂ ಬಾಲ್ಕನಿ ಹಾಕಪ್ಪ ಅಂದರು. ಫೋನ್ ಬಂತೆಂದು ಹೊರಗೆ ಹೋದರು. ಚಿಕ್ಕಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಕೆಳಗೆ ರಸ್ತೆಯಲ್ಲಿ ನಿಂತ ಕಾರಿನಲ್ಲಿ ಚಿಕ್ಕಪ್ಪ ಕೂತಿದ್ದರು. ಡ್ರೈವರ್ ಟೀ ಕುಡಿಯಲು ಹೋಗಿದ್ದನೋ ಏನೋ, ಪಕ್ಕದ ಸೀಟಿನಿಂದಲೇ ಬಲಗೈ ಚಾಚಿ ಹಾರನ್ ಒತ್ತುತ್ತಿದ್ದರು.

"ಆ ಬಾಲ್ಕನಿಗೆ ಓಗೋ ಬಾಗ್ಲಲ್ಲಿ ಒಸ್ಲು ಐತೇನೋ?" ಅಂದಳು.

ಗಾಜಿನ ಬಾಗಿಲು, ಅದಕ್ಕೆ ಹೊಸ್ತಿಲು ಇರುತ್ತದೆ, ನೀರು ಒಳಗೆ ಬರಬಾರದಲ್ಲ ಅಂದೆ. ಚಿಕ್ಕಪ್ಪನ ವೀಲ್‌ಚೇರ್ ದಾಟುವುದಕ್ಕೆ ಕೇಳುತ್ತಿದ್ದಾಳೆ ಅಂದುಕೊಂಡು, ಅಂಥವರಿಗೆಂದೇ ಅಗಲ ಬಾಗಿಲಿನ, ನೆಲ ಸಮವಿರುವ ಬಾಲ್ಕನಿ ಕೋಣೆಯೊಂದು ಖಾಲಿ ಇದೆ ಎಂದು ಹೆಮ್ಮೆಯಿಂದ ತೋರಿಸಿದೆ. ಮಾಮೂಲಿ ಕೋಣೆಯಾದರೆ ಬಾಗಿಲು ಕಿರಿದು, ಕುರ್ಚಿಯನ್ನು ಮಡಚಿ ಒಳಗೆ ತಂದು, ಚಿಕ್ಕಪ್ಪನನ್ನು ಹೆಗಲು ಕೊಟ್ಟು ನಡೆಸಬೇಕು ಅಂತಲೂ ಹೇಳಿದೆ.

"ಮಡಚ್ತೀನಿ. ಒಸ್ಲಿರೋದೇ ಕೊಡು."

"ಕುರ್ಚಿ ದಾಟಲ್ಲ ಚಿಕ್ಕಮ್ಮ."

"ಗೊತ್ತು ಕಣೋ. ಅದಕ್ಕೇ."

ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು: "ಗಾಜಿನ ಬಾಗ್ಲು ಅಂದ್ಯಲ್ಲ, ನಂಗೆ ಅವ್ರು ಕಾಣ್ತಿರ್ತಾರೆ. ಏನಾರ ಆದ್ರೆ ಓಡ್ ಬರ್ತೀನಿ. ಬಿಟ್ಟೋಗ್ತೀನಿ ಅಂದ್ಕಬ್ಯಾಡ. ಒಂದ್ ಗಳಿಗೆ ಅವ್ರ ಕೈಗೆ ಸಿಗದಂಗೆ ಕೂತ್ಕಬೇಕು, ಅಷ್ಟೇಯ."

ನಾನು ಹೊಸ್ತಿಲಿರುವ ಕೋಣೆಯನ್ನೇ ಬುಕ್ ಮಾಡಿದೆ. ಅವರ ಜೊತೆ ನಾನೂ ಹೊರಟಿದ್ದೆ, ಪಕ್ಕದ್ದನ್ನು ನನಗೇ ಇಟ್ಟುಕೊಂಡೆ.

ಹಡಗು ಹೊರಟ ಸಂಜೆ ನನ್ನ ಬಾಲ್ಕನಿಯ ತಡಿಕೆಯಾಚೆ ಬಗ್ಗಿ ನೋಡಿದೆ. ಚಿಕ್ಕಮ್ಮ ಗಾಜಿನ ಬಾಗಿಲು ಎಳೆದುಕೊಂಡು, ಬೆನ್ನು ಪೂರ್ತಿ ಒರಗಿಸಿ, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಸೆರಗು ಗಾಳಿಗೆ ಪಟಪಟ ಹಾರುತ್ತಿತ್ತು, ಸರಿಮಾಡಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಒಳಗೆ ಚಿಕ್ಕಪ್ಪನ ಬಾಯಿ ಆಡುತ್ತಿದ್ದುದು ಗಾಜಿನಲ್ಲಿ ಕಾಣುತ್ತಿತ್ತು, ಸದ್ದು ಮಾತ್ರ ಸಮುದ್ರದ್ದು. "ಹೆಂಗಿದೆ ಚಿಕ್ಕಮ್ಮ?" ಅಂದೆ. "ಮಾತಾಡಿಸ್ಬ್ಯಾಡ, ಓಗೋ ಆಕಡೆ," ಅಂತ ಕಣ್ಣು ಮುಚ್ಚಿಕೊಂಡೇ ನಕ್ಕಳು. ಅವಳಿಗೆ ಅಷ್ಟು ಚೆಂದದ ಹಲ್ಲುಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಎಲ್ಲ ಕೆಟ್ಟಿತು. ಕೆಡಿಸಿದವಳು ಕೋಣೆ ಚೊಕ್ಕಟ ಮಾಡಲು ಬಂದ ಹೆಂಗಸು, ಅದೂ ಒಳ್ಳೆಯತನದಿಂದ. ಗಾಜಿಗೆ ಮುಖ ಹಚ್ಚಿ ಕೂತ ಚಿಕ್ಕಪ್ಪನನ್ನು ನೋಡಿ ಅವಳ ಮನಸ್ಸು ಕರಗಿತಂತೆ. ಮೇಲಿನವರಿಗೆ ಹೇಳಿ, ಹೊಸ್ತಿಲ ಮೇಲೆ ಇಡುವ ಇಳಿಜಾರು ಹಲಗೆಯೊಂದನ್ನು ತರಿಸಿ, ತಾನೇ ಕುರ್ಚಿ ತಳ್ಳಿ ಚಿಕ್ಕಪ್ಪನನ್ನು ಬಾಲ್ಕನಿಗೆ ತಂದಳು. ಅಲ್ಲಿದ್ದ ಕುರ್ಚಿಗಳು ಒಳಗೆ ಹೋದವು. ವೀಲ್‌ಚೇರ್ ಬಿಟ್ಟು ಇನ್ನೊಂದು ಕಾಲಿಡಲೂ ಜಾಗ ಉಳಿಯಲಿಲ್ಲ. ಚಿಕ್ಕಮ್ಮ ಬಾಗಿಲ ಒಳಗೆ ಆ ಕುರ್ಚಿಯ ಹಿಡಿ ಹಿಡಿದು ನಿಂತಳು. ಆಮೇಲೆ ದಿನವಿಡೀ ಅಲ್ಲಿಂದಲೇ ಶಾಲು, ಅಲ್ಲಿಂದಲೇ ಕಾಫಿ, ಅಲ್ಲಿಂದಲೇ "ಜಯಾ, ಅದ್ ನೋಡೇ".

ನನಗೆ ತಡೆಯಲಾಗಲಿಲ್ಲ. ಹಲಗೆ ತೆಗೆಸಿಬಿಡುತ್ತೇನೆ, ಏನಾದರೊಂದು ನೆಪ ಹೇಳುತ್ತೇನೆ ಅಂತ ಅವಳ ಕಿವಿಯಲ್ಲಿ ಹೇಳಿದೆ.

"ಅವ್ರ ಮಖ ನೋಡು," ಅಂದಳು.

ನೋಡಿದೆ. ಕಾಯಿಲೆ ಬಿದ್ದಾಗಿನಿಂದ ಸಿಡುಕೊಂದೇ ಉಳಿದಿದ್ದ ಆ ಮುಖದಲ್ಲಿ ಕಣ್ಣೀರು ಇಳಿಯುತ್ತಿತ್ತು. ಬಲಗೈಯನ್ನು ಕಂಬಿಯಾಚೆ ಚಾಚಿ, ಗಾಳಿಯನ್ನು ಹಿಡಿಯುವವರ ಹಾಗೆ ಬೆರಳು ಆಡಿಸುತ್ತಿದ್ದರು.

"ಅದನ್ನ ಕಿತ್ಕಳಕ್ಕಾಯ್ತದೇನೋ ನನ್ ಕೈಲಿ?"

ಹಲಗೆಯನ್ನು ಹಾಗೇ ಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಗಂಗಾನಗರದ ಆಫೀಸಿನಲ್ಲೇ. ಕೈಲಿ ಔಷಧಿ ಅಂಗಡಿಯ ಚೀಲ ಹಿಡಿದು ಒಬ್ಬಳೇ ಬಂದಿದ್ದಳು. ನೀರು ಕುಡಿದು, ಅದೂ ಇದೂ ಮಾತಾಡಿ, ಆ ಹಡಗಿನಲ್ಲಿ ಒಬ್ಬರೇ ಇರುವಂಥ ಕೋಣೆ ಸಿಗುತ್ತದೆಯೇ ಎಂದು ಕೇಳಿದಳು. ಸಿಗುತ್ತದೆ, ಒಳ್ಳೆಯ ಬಾಲ್ಕನಿಯದ್ದೇ ನೋಡುತ್ತೇನೆ ಅಂದೆ.

"ಬಾಲ್ಕನಿ ಬ್ಯಾಡ ಕಣೋ. ಕಿಟ್ಕಿನೂ ಬ್ಯಾಡ. ಒಳಗಿಂದ ಚಿಲ್ಕ ಆಕ್ಕಳಂಗಿದ್ರೆ ಸಾಕು."

ನಾನು ಕಂಪ್ಯೂಟರಿನತ್ತ ತಿರುಗುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. "ಸುಮ್ಕೆ ಕೇಳ್ದೆ, ಯಾರ್ಗೂ ಏಳ್ಬ್ಯಾಡ," ಅಂತ ಹೇಳಿ, ಚೀಲ ಎತ್ತಿಕೊಂಡು ದಡದಡ ಮೆಟ್ಟಿಲಿಳಿದು ಹೋದಳು. ದೀಪಾವಳಿಗೆ ಮುಂಚೆ, ಅಡುಗೆಮನೆಯಲ್ಲಿ ಕುಸಿದವಳು ಮತ್ತೆ ಏಳಲಿಲ್ಲ.

ತಿಥಿಯ ದಿನ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು. ಹೊಸದಾಗಿ ಬಂದ ಆಳು ಅವರಿಗೆ ಅನ್ನ ತಿನ್ನಿಸುತ್ತಿದ್ದ, ಅವರು ಮರುಮಾತಿಲ್ಲದೆ ಬಾಯಿ ತೆರೆಯುತ್ತಿದ್ದರು. ತುತ್ತು ನುಂಗಿ ಕೇಳಿದರು:

"ಅವ್ಳಿಗೆ ಆ ಅಡಗಿನ ಬಾಲ್ಕನಿ ಬೋ ಇಷ್ಟ ಆಗಿತ್ತು, ಅಲ್ವೇನೋ?"

"ಹೂಂ ಚಿಕ್ಕಪ್ಪ. ಅವಳೇ ಆರಿಸಿದ್ದು," ಅಂದೆ.