ಬಸಳೆ ಪುಂಡಿ ಮಾಡಿದ ಯೆಮೆನಿ ಹೋಟೆಲು

ದೋಹಾದಿಂದ ದೂರದ ದುಖಾನಿನಲ್ಲಿ ಸಮುದ್ರ ಉಂಟು, ಕಂಪೆನಿ ಕ್ವಾರ್ಟರ್ಸ್ ಉಂಟು, ಬೇಕಾದಷ್ಟು ಗಾಳಿ ಉಂಟು, ಮಾತಾಡಲು ಮಾತ್ರ ಒಂದು ನರಪಿಳ್ಳೆ ಇಲ್ಲ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ನಾನು ದಿನಾ ಗಂಡನ ಮೇಲೆ ರೇಗುತ್ತಿದ್ದೆ. ಅವರು ಅಲ್ಲಿನ ತೈಲ ಕಂಪೆನಿಯಲ್ಲಿ ಮೆಕ್ಯಾನಿಕ್. ನನ್ನ ಬಾಯಿ ಮುಚ್ಚಿಸಲು ಅವರು ಕಂಡುಕೊಂಡ ಉಪಾಯವೆಂದರೆ ಪ್ರತಿ ಶುಕ್ರವಾರ ಒಂದು ಹೊಸ ಹೋಟೆಲು ಹುಡುಕುವುದು. ಇರಾನಿಯವನ ಬಿಸಿ ರೊಟ್ಟಿ, ಈಜಿಪ್ಟಿನವರ ಬೇಳೆ ಅನ್ನ, ಪೆಟ್ರೋಲ್ ಪಂಪಿನ ಪಕ್ಕದ ಏಲಕ್ಕಿ ಚಹಾ, ಒಂದನ್ನೂ ಬಿಡಲಿಲ್ಲ. ಲುಸೈಲಿನ ಗಾಜಿನ ಹೋಟೆಲೊಂದರಲ್ಲಿ ಮೆನುವಿನ ರೇಟು ಓದಿಯೇ ಹೊಟ್ಟೆ ತುಂಬಿ, ನೀರು ಕುಡಿದು ಎದ್ದು ಬಂದದ್ದೂ ಉಂಟು.

ಬಸುರಿಯಾದ ಮೇಲೆ ಎಲ್ಲ ತಲೆಕೆಳಗಾಯಿತು. ಮಸಾಲೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ನಮ್ಮ ಕಡೆ ಏಳನೇ ತಿಂಗಳಲ್ಲಿ ಬಯಕೆಯ ಊಟ ಹಾಕಿ ಹುಡುಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ನನ್ನ ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಇನ್ನು ವಿಮಾನ ಹತ್ತುವ ಹಾಗೇ ಇಲ್ಲ ಎಂದುಬಿಟ್ಟರು. ಅಮ್ಮನಾದರೂ ಬರಬಹುದಿತ್ತು. ಆದರೆ ಅವಳು ಮಂಗಳೂರು ದಾಟಿ ಹೋದವಳಲ್ಲ, ಪಾಸ್‌ಪೋರ್ಟೇ ಮಾಡಿಸಿರಲಿಲ್ಲ. ಅದು ಕೈಗೆ ಬರುವಷ್ಟರಲ್ಲಿ ಮಗು ಬಂದಿರುತ್ತಿತ್ತು. ನನಗೆ ಅಮ್ಮ ಮಾಡುವ ಬಸಳೆ ಪುಂಡಿ ತಿನ್ನಬೇಕೆಂದು ಜೀವ ಒದ್ದಾಡುತ್ತಿತ್ತು. ಬಸಳೆ ಸೊಪ್ಪಿನ ಸಾರಿನಲ್ಲಿ ಪುಟ್ಟ ಪುಟ್ಟ ಅಕ್ಕಿ ಉಂಡೆಗಳು, ಅಷ್ಟೇ. ನಾನೇ ಮಾಡಿ ನೋಡಿದೆ. ಉಂಡೆಗಳೆಲ್ಲ ಒಡೆದು ಗಂಜಿಯಾದವು. ಪಾತ್ರೆಯನ್ನು ಸಿಂಕಿಗೆ ಎಸೆದು ಅತ್ತುಬಿಟ್ಟೆ.

ಆ ಶುಕ್ರವಾರ ಗಂಡ ಒತ್ತಾಯ ಮಾಡಿ ದೋಹಾ ದಾರಿಯ ಒಂದು ಯೆಮೆನಿ ಹೋಟೆಲಿಗೆ ಕರೆದುಕೊಂಡು ಹೋದರು. ಅನ್ನ, ಕೋಳಿ, ಒಂದು ಬಟ್ಟಲು ಸಾರು ಬಂತು. ಬಾಯಿಗಿಟ್ಟರೆ ಸಪ್ಪೆ. ಪರದೇಶದಲ್ಲಿ ನಮ್ಮಂಥ ತುಳುವರಿಗೆ ಒಂದು ಧೈರ್ಯವಿರುತ್ತದೆ: ತುಳುವಿನಲ್ಲಿ ಯಾರನ್ನು ಏನು ಬೈದರೂ ಯಾರಿಗೂ ಗೊತ್ತಾಗುವುದಿಲ್ಲ ಅಂತ. ನಾನು ಗಟ್ಟಿಯಾಗಿಯೇ ಶುರು ಮಾಡಿದೆ. "ಉಪ್ಪಿಲ್ಲ, ಮೆಣಸಿಲ್ಲ. ಇದನ್ನು ಮಾಡಿದವನ ನಾಲಿಗೆಗೆ ಲಕ್ವ ಹೊಡೆದಿದೆಯಾ?"

ಅಡುಗೆ ಮನೆಯ ಕಿಂಡಿಯಿಂದ ಒಂದು ಬಿಳಿ ಟೊಪ್ಪಿ ಹೊರಗೆ ಬಂತು. "ನಾಲಿಗೆ ಸರಿ ಉಂಟು ಅಕ್ಕ," ಎಂದಿತು, ಅಪ್ಪಟ ತುಳುವಿನಲ್ಲಿ. "ಇಲ್ಲಿಯವರು ಖಾರ ತಿನ್ನುವುದಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಗಂಡ ಅನ್ನದಲ್ಲಿ ಮುಖ ಹುದುಗಿಸಿ ನಗುತ್ತಿದ್ದರು. ಅಡುಗೆಯವರು ಹೊರಗೆ ಬಂದರು. ಐವತ್ತು ದಾಟಿದ ಮನುಷ್ಯ, ಊರು ಕಾಸರಗೋಡು. ಬೋರ್ಡು ಮಾತ್ರ ಯೆಮೆನಿನದ್ದು. ಅವರು ನನ್ನ ಹೊಟ್ಟೆ ನೋಡಿದರು, ಮುಟ್ಟದ ತಟ್ಟೆ ನೋಡಿದರು.

"ಈರೆಗ್ ದಾದ ಬೋಡು?" ಎಂದರು. ನಿಮಗೆ ಏನು ಬೇಕು?

ಬಸುರಿಯನ್ನು ನಮ್ಮೂರಿನಲ್ಲಿ ಕೇಳುವ ಮಾತು ಅದು. ಕೇಳಿದವರು ತಂದುಕೊಡಲೇಬೇಕು. ನಾಚಿಕೆ ಬಿಟ್ಟು ಹೇಳಿದೆ. "ಬರುವ ಶುಕ್ರವಾರ ಬನ್ನಿ," ಎಂದು ಒಳಗೆ ಹೋದರು.

ಆ ವಾರ ಕಳೆಯುವುದು ಕಷ್ಟವಾಯಿತು. ಹೋದಾಗ ಸ್ಟೀಲ್ ಬಟ್ಟಲಿನಲ್ಲಿ ಹಬೆಯಾಡುವ ಬಸಳೆ ಪುಂಡಿ ತಂದಿಟ್ಟರು. ಬಸಳೆ ಬಾಂಗ್ಲಾದವರ ತರಕಾರಿ ಅಂಗಡಿಯದ್ದಂತೆ. ಒಂದು ಪುಂಡಿಯೂ ಒಡೆದಿರಲಿಲ್ಲ. ಅಮ್ಮನದ್ದಕ್ಕಿಂತ ಹುಳಿ ಸ್ವಲ್ಪ ಹೆಚ್ಚು. ಆದರೆ ಎಷ್ಟೋ ವಾರಗಳ ಮೇಲೆ ಹೊಟ್ಟೆ ಒಳಗೆ ಹೋದದ್ದನ್ನು ಹಿಂದಕ್ಕೆ ಕಳಿಸಲಿಲ್ಲ. ನಾಚಿಕೆಗೆಟ್ಟವಳ ಹಾಗೆ ಎರಡನೇ ಬಟ್ಟಲಿಗೂ ಕೈಹಾಕಿದೆ.

ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ನಾನು ತಿನ್ನುವುದನ್ನೇ ನೋಡುತ್ತಿದ್ದರು.

"ನಿಮ್ಮ ಮನೆಯವರು ಪುಣ್ಯವಂತರು, ಬೇಕಾದ್ದು ಮಾಡಿಹಾಕಲು ನೀವಿದ್ದೀರಿ," ಎಂದೆ ಬಾಯಿತುಂಬ.

"ಎಲ್ಲಿಂದ ಅಕ್ಕ," ಎಂದು ನಕ್ಕರು. "ಅವಳಿಗೆ ಎರಡು ಹೆರಿಗೆ ಆಯಿತು. ಎರಡು ಸಲವೂ ನಾನು ಇಲ್ಲೇ. ಏನು ಬೇಕು ಅಂತ ಫೋನಿನಲ್ಲಿ ಕೇಳಿದರೆ, ನೀವು ಬಂದರೆ ಸಾಕು ಅನ್ನುತ್ತಿದ್ದಳು. ಅದೊಂದು ಬಿಟ್ಟು ಬೇರೆ ಎಲ್ಲ ಕಳಿಸಿದೆ."

ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದೆ. ಆಮೇಲೆ ಏನಾಯಿತೋ, ಕೈಯಲ್ಲಿದ್ದ ತುತ್ತು ಬಟ್ಟಲಿಗೆ ಬಿತ್ತು, ದೊಡ್ಡ ದನಿಯಲ್ಲಿ ಅಳು ಬಂತು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ನನ್ನ ಗಂಡನ ಮುಖ ಬಿಳಿಚಿಕೊಂಡಿತು. ದಿನ ತುಂಬುವ ಮೊದಲೇ ನೋವು ಶುರುವಾಯಿತೆಂದು ಎದ್ದು, ಕಾರಿನ ಕೀಗಾಗಿ ಎಲ್ಲ ಕಿಸೆ ತಡಕಾಡತೊಡಗಿದರು.

"ನೋವಲ್ಲ ಮಾರಾಯ್ರೆ," ಎಂದೆ. "ನನಗೆ ಅಮ್ಮ ಬೇಕು."